ಗಾಯಗೊಂಡ ಹಕ್ಕಿ ಸಿಕ್ಕಾಗ ಮೊದಲು ಮಾಡಬೇಕಾದ ಕೆಲಸ

ಪ್ರಶ್ನೆ: ಕಳೆದ ವಾರ ನಮ್ಮ ಕೈತೋಟದಲ್ಲಿ ಗಿಡದ ಬುಡದಲ್ಲಿ ಒಂದು ಪಿಕಳಾರ ಬಿದ್ದಿತ್ತು. ಒಂದು ರೆಕ್ಕೆ ಜೋತುಬಿದ್ದಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಕೈಗೆತ್ತಿಕೊಂಡು ಬಾಯಿ ತೆರೆಸಿ ನೀರು ಹನಿಸಿದೆವು. ಹಾಲಿನಲ್ಲಿ ನೆನೆಸಿದ ಬ್ರೆಡ್ ಕೊಟ್ಟೆವು, ಗಾಯಕ್ಕೆ ಮುಲಾಮು ಹಚ್ಚಿದೆವು. ಮಕ್ಕಳು ಪಕ್ಕದಲ್ಲೇ ಕೂತು ತಲೆ ಸವರುತ್ತಿದ್ದರು. ಅದು ಅಲ್ಲಾಡದೆ ಸುಮ್ನೆ ಕೂತಿತ್ತು, ನಮಗೆ ಒಗ್ಗಿಕೊಂಡಿದೆ ಅಂದುಕೊಂಡೆವು. ಸಂಜೆ ಹೊತ್ತಿಗೆ ಸತ್ತುಹೋಯಿತು. ನಮ್ಮಿಂದ ಏನು ತಪ್ಪಾಯಿತು? ಇನ್ನೊಮ್ಮೆ ಹೀಗಾದರೆ ಏನು ಮಾಡಬೇಕು?

ಉತ್ತರ: ನೀವು ಏನು ಮಾಡಿದ್ದರೂ ಆ ಹಕ್ಕಿ ಉಳಿಯದೇ ಹೋಗುವ ಸಾಧ್ಯತೆಯೇ ಜಾಸ್ತಿ ಇತ್ತು. ಮನುಷ್ಯರು ಪಕ್ಕಕ್ಕೆ ಬಂದರೂ ಹಾರದೆ ಕೂತಿದೆ ಅಂದರೆ, ಬೆಳೆದ ಹಕ್ಕಿಯೊಂದರ ಶಕ್ತಿ ಆಗಲೇ ಮುಗಿಯುತ್ತಾ ಬಂದಿರುತ್ತದೆ. ಹಕ್ಕಿಗಳು ನೋವನ್ನು ಆದಷ್ಟು ಮುಚ್ಚಿಡುತ್ತವೆ. ಸೊರಗಿದಂತೆ ಕಂಡರೆ ಬೇಟೆಯಾಡುವ ಪ್ರಾಣಿಯ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ, ಅದಕ್ಕೇ. ನಮ್ಮ ಕಣ್ಣಿಗೆ ತೊಂದರೆ ಕಾಣುವ ಹೊತ್ತಿಗೆ ತುಂಬ ತಡವಾಗಿರುತ್ತದೆ. ಹಾಗಾಗಿ ಆ ಸಾವಿನ ಹೊಣೆಯನ್ನು ನಿಮ್ಮ ಮೇಲೆ ಹಾಕಿಕೊಂಡು ಕೊರಗಬೇಡಿ.

ಆದರೆ ನೀವು ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ನೀರು, ಬ್ರೆಡ್, ಮುಲಾಮು, ಸವರುವುದು, ಇವು ಯಾವುವೂ ಅದಕ್ಕೆ ಬೇಕಿರಲಿಲ್ಲ. ಗಾಯಗೊಂಡ ಕಾಡುಹಕ್ಕಿಗೆ ಮೊದಲ ಕೆಲವು ಗಂಟೆಗಳಲ್ಲಿ ಬೇಕಿರುವುದು ಕತ್ತಲೆ, ಬೆಚ್ಚಗಿನ ಜಾಗ ಮತ್ತು ನಿಶ್ಶಬ್ದ. ಅದನ್ನು ಒಂದು ಡಬ್ಬದಲ್ಲಿಟ್ಟು ಮುಚ್ಚಿ. ಆಮೇಲೆ ಹಕ್ಕಿಗಳನ್ನು ನೋಡುವ ಪಶುವೈದ್ಯರನ್ನೋ ವನ್ಯಜೀವಿ ರಕ್ಷಣಾ ಕೇಂದ್ರವನ್ನೋ ಹುಡುಕಿ ಫೋನ್ ಮಾಡಿ. ಚಿಕಿತ್ಸೆ ಅವರ ಕೆಲಸ. ಅಲ್ಲಿಯವರೆಗೆ ಇರುವ ಶಕ್ತಿ ಪೋಲಾಗದಂತೆ ಕಾಯುವುದು ನಿಮ್ಮ ಕೆಲಸ. ಮುಂದೆ ನಾನು ಬರೆಯುವುದೆಲ್ಲ ಇದಕ್ಕೆ ಕಾರಣ ಮತ್ತು ವಿವರ ಅಷ್ಟೇ.

ಸುಮ್ನೆ ಕೂತಿತ್ತು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಅದು ಹೆದರಿ ಮರಗಟ್ಟಿ ಕೂತಿತ್ತು. ಆ ಹಕ್ಕಿಯ ಪಾಲಿಗೆ ನಾವು ಅದನ್ನು ಹಿಡಿದ ಬೇಟೆಗಾರರು. ತಲೆ ಸವರುವುದು, ಮೆತ್ತಗೆ ಮಾತಾಡಿಸುವುದು, ಮುಖದ ಹತ್ತಿರ ತಂದು ನೋಡುವುದು, ನಾಯಿಗೆ ಹಿತ ಕೊಡುವ ಈ ಕೆಲಸಗಳೆಲ್ಲ ಕಾಡುಹಕ್ಕಿಗೆ ಭಯ ಹೆಚ್ಚಿಸುತ್ತವೆ. ಭಯಕ್ಕೆ ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಉಳಿದಿರುವ ಅಷ್ಟಿಷ್ಟು ಶಕ್ತಿಯೂ ಖರ್ಚಾಗುತ್ತದೆ. ಹಿಡಿಯುವಾಗ ತುಂಬ ಹೊತ್ತು ಒದ್ದಾಡಿದರೆ ಸ್ನಾಯುಗಳೇ ಹಾಳಾಗಿ, ಎಷ್ಟೋ ಗಂಟೆಗಳ ನಂತರ ಸಾಯುವುದೂ ಉಂಟು. ಉದ್ದ ಕಾಲಿನ ಹಕ್ಕಿಗಳಲ್ಲಿ ಇದು ಹೆಚ್ಚು. ಹಗಲು ಓಡಾಡುವ ಹಕ್ಕಿಯನ್ನು ಕತ್ತಲಲ್ಲಿಟ್ಟರೆ ಬೇಗ ಶಾಂತವಾಗುತ್ತದೆ. ಯಾವ ಔಷಧಿಯೂ ಇಲ್ಲದೆ ನೀವು ಕೊಡಬಹುದಾದ ದೊಡ್ಡ ಸಹಾಯ ಇದೇ.

ಹಿಡಿಯುವ ಮುಂಚೆಯೇ ಡಬ್ಬ ಸಿದ್ಧ ಮಾಡಿಕೊಳ್ಳಿ. ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಡಬ್ಬ ಹುಡುಕುವ ಹಾಗೆ ಆಗಬಾರದು. ರಟ್ಟಿನ ಡಬ್ಬ ಎಲ್ಲಕ್ಕಿಂತ ಒಳ್ಳೆಯದು. ಪಂಜರ ಬೇಡ. ಕಂಬಿಗೆ ಬಡಿದುಕೊಂಡು ಗರಿ ಮುರಿದುಕೊಳ್ಳುತ್ತದೆ, ಸುತ್ತಲಿನದೆಲ್ಲ ಕಾಣುವುದರಿಂದ ಹೆದರಿಕೆಯೂ ಹೋಗುವುದಿಲ್ಲ. ಡಬ್ಬದ ಬದಿಗಳಲ್ಲಿ ಗಾಳಿಯಾಡಲು ಸಣ್ಣ ತೂತು ಮಾಡಿ, ಹಕ್ಕಿಯನ್ನು ಒಳಗಿಡುವ ಮೊದಲೇ. ತಳದಲ್ಲಿ ಹಳೆಯ ಬಟ್ಟೆ ಅಥವಾ ಟಿಶ್ಯೂ ಹಾಸಿ, ಕಾಲು ಜಾರಬಾರದು. ಕುಳಿತರೆ ಮೈ ಆಧರಿಸಲಿ ಅಂತ ಬಟ್ಟೆಯನ್ನು ಉಂಗುರದ ಹಾಗೆ ಸುತ್ತಿಡಬಹುದು. ತೀರಾ ದೊಡ್ಡ ಡಬ್ಬ ಬೇಡ, ಜಾಗ ಜಾಸ್ತಿ ಇದ್ದಷ್ಟೂ ಒದ್ದಾಟ ಜಾಸ್ತಿ.

ಈಗ ಹಕ್ಕಿಯ ಹತ್ತಿರ ಹೋಗಿ. ಹಗುರವಾದ ಬಟ್ಟೆಯನ್ನು ತಲೆಯೂ ಮುಚ್ಚುವ ಹಾಗೆ ಇಡೀ ಮೈ ಮೇಲೆ ಹಾಕಿ. ಎಳೆ ಎದ್ದಿರುವ ಟವೆಲ್ ಆದರೆ ಉಗುರು ಸಿಕ್ಕಿಕೊಳ್ಳುತ್ತದೆ, ನಯವಾದ ಹತ್ತಿ ಬಟ್ಟೆ ಒಳ್ಳೆಯದು. ರೆಕ್ಕೆಗಳು ಮೈಗೆ ಅಂಟಿಕೊಂಡಿರುವಂತೆ ಎರಡೂ ಕೈಯಲ್ಲಿ ಬಾಚಿ ಎತ್ತಿ. ಎದೆಯನ್ನು ಮಾತ್ರ ಅದುಮಬೇಡಿ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ, ಅದು ಉಸಿರಾಟ ನಡೆಸುತ್ತದೆ. ಹಕ್ಕಿಗೆ ಅದು ಇಲ್ಲ. ಎದೆಮೂಳೆ ಹಿಂದೆ ಮುಂದೆ ಆಡಿದರಷ್ಟೇ ಮೈಯೊಳಗಿನ ಗಾಳಿಚೀಲಗಳಿಗೆ ಗಾಳಿ ತುಂಬುತ್ತದೆ. ಮೂಗು, ಬಾಯಿ ಎಲ್ಲ ತೆರೆದೇ ಇದ್ದರೂ ಎದೆಯನ್ನು ಬಿಗಿಯಾಗಿ ಹಿಡಿದರೆ ಹಕ್ಕಿ ಉಸಿರುಕಟ್ಟಿ ಸಾಯುತ್ತದೆ. ಮಕ್ಕಳು ಪ್ರೀತಿಯಿಂದ ಮುಷ್ಟಿಯಲ್ಲಿ ಹಿಡಿದಾಗ ಆಗುವುದು ಇದೇ.

ಇನ್ನು ಬಿಸಿ. ಆರೋಗ್ಯವಾಗಿರುವ ಸಣ್ಣ ಹಕ್ಕಿಯ ಮೈ 40ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮಗಾದರೆ ಅದು ಜೋರು ಜ್ವರ. ಪೆಟ್ಟು ಬಿದ್ದು ಶಾಕ್ ಆದ ಹಕ್ಕಿಗೆ ಈ ಬಿಸಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಒಂದು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಬದಿಯಲ್ಲಿ ಮಾತ್ರ ಇಡಿ. ಸೆಖೆ ಆದರೆ ಆಚೆ ಬದಿಗೆ ಸರಿಯಲು ಅದಕ್ಕೆ ಜಾಗ ಇರಬೇಕು. ಒಳಗೆ ಸುಮಾರು 30 ಡಿಗ್ರಿ ಇದ್ದರೆ ಸಾಕು. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಬಿಸಿ ಜಾಸ್ತಿಯಾಗಿದೆ, ಬಾಟಲಿ ತೆಗೆಯಿರಿ. ತಲೆಗೆ ಪೆಟ್ಟು ಬಿದ್ದಿದೆ ಅನ್ನಿಸಿದರೆ ಬಾಟಲಿ ಇಡುವುದೇ ಬೇಡ. ಮಿದುಳು ಊದಿಕೊಂಡಿದ್ದರೆ ಬಿಸಿಯಿಂದ ಅದು ಹೆಚ್ಚುತ್ತದೆ.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಮಾಡುವುದು ಇದನ್ನೇ. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಶ್ವಾಸನಾಳದ ಬಾಯಿ. ನಮ್ಮ ಹಾಗೆ ಗಂಟಲಿನ ಆಳದಲ್ಲಿಲ್ಲ, ತೀರಾ ಮುಂದೆಯೇ ಇದೆ. ಆರೋಗ್ಯವಾಗಿರುವ ಹಕ್ಕಿ ನುಂಗುವಾಗ ಅದನ್ನು ಮುಚ್ಚಿಕೊಳ್ಳುತ್ತದೆ. ಅರೆಪ್ರಜ್ಞೆಯಲ್ಲಿರುವ ಹಕ್ಕಿಗೆ ಅದು ಆಗುವುದಿಲ್ಲ. ನಾವು ಹನಿಸಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೆರಡು ಹನಿಯೇ ಸಾಕು. ತಕ್ಷಣ ಸಾಯದಿದ್ದರೂ ಆಮೇಲೆ ನ್ಯುಮೋನಿಯಾ ಆಗಬಹುದು. ಅದಕ್ಕೇ ಡ್ರಾಪರ್, ಸಿರಿಂಜ್, ಚಮಚ ಯಾವುದೂ ಬೇಡ. ವೈದ್ಯರ ಹತ್ತಿರ ತಲುಪಲು ತುಂಬ ಹೊತ್ತು ಬೇಕು, ಹಕ್ಕಿಯೂ ತಲೆ ಎತ್ತಿ ನಿಂತಿದೆ ಅಂತಿದ್ದರೆ ಮಾತ್ರ ಬಾಟಲಿ ಮುಚ್ಚಳದಷ್ಟು ಆಳದ ಪಾತ್ರೆಯಲ್ಲಿ ನೀರಿಡಿ. ಬೇಕಿದ್ದರೆ ಅದೇ ಕುಡಿಯುತ್ತದೆ.

ಊಟದ ಕಥೆಯೂ ಹೀಗೇ. ಮೈ ತಣ್ಣಗಾಗಿ, ನೀರಿನಂಶ ಕಡಿಮೆಯಾಗಿರುವ ಹಕ್ಕಿಗೆ ತಿಂದದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಬೆಳೆದ ಹಕ್ಕಿ ಕೆಲವು ಗಂಟೆ ಹಸಿದಿದ್ದರೆ ತಡೆದುಕೊಳ್ಳುತ್ತದೆ. ಹಾಲು ಯಾವ ಹಕ್ಕಿಯ ಆಹಾರವೂ ಅಲ್ಲ. ಅದರಲ್ಲಿರುವ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಅವಕ್ಕಿಲ್ಲ, ಭೇದಿಯಾಗಿ ಇನ್ನಷ್ಟು ನೀರು ಕಳೆದುಕೊಳ್ಳುತ್ತವೆ. ಬ್ರೆಡ್‌ನಲ್ಲಿ ಅವಕ್ಕೆ ಬೇಕಾದ ಪೋಷಣೆ ಇಲ್ಲ. ಒಂದು ಜಾತಿ ಹುಳ ತಿನ್ನುತ್ತದೆ, ಇನ್ನೊಂದು ಹಣ್ಣು, ಮತ್ತೊಂದು ಕಾಳು, ಮಗದೊಂದು ಮೀನು. ಯಾವ ಹಕ್ಕಿ ಅಂತ ಗೊತ್ತಾದ ಮೇಲೆ ಏನು ಕೊಡಬೇಕು ಅನ್ನುವುದನ್ನು ವೈದ್ಯರೇ ಹೇಳುತ್ತಾರೆ.

ಮನೆಯಲ್ಲಿರುವ ಔಷಧಿ ಕೊಡುವ ಯೋಚನೆ ಖಂಡಿತ ಬೇಡ. ಮನುಷ್ಯರಿಗೆ, ದನಗಳಿಗೆ ಹಿಡಿಸುವ ಮಾತ್ರೆ ಹಕ್ಕಿಗೆ ವಿಷವಾಗಬಹುದು. ದಕ್ಷಿಣ ಏಷ್ಯಾದ ರಣಹದ್ದುಗಳಿಗೆ ಆಗಿದ್ದು ಇದೇ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಕೊಟ್ಟಿದ್ದ ದನಗಳು ಸತ್ತಾಗ, ಅವುಗಳ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಕಾರಣ ಇದೇ ಅಂತ ವಿಜ್ಞಾನಿಗಳು 2004ರಲ್ಲಿ ತೋರಿಸಿಕೊಟ್ಟರು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದವು. ಅಷ್ಟರಲ್ಲಿ ಕೆಲವು ಜಾತಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹಕ್ಕಿಗಳು ಇಲ್ಲವಾಗಿದ್ದವು. ಇನ್ನು ಮುಲಾಮು. ಅದರ ಜಿಡ್ಡು ಗರಿಗಳಿಗೆ ಅಂಟಿದರೆ ಗರಿಗಳು ಮೈಯನ್ನು ಬೆಚ್ಚಗಿಡಲಾರವು, ನೀರನ್ನೂ ತಡೆಯಲಾರವು. ಹಾರುವ ಶಕ್ತಿ ಇದ್ದರೂ ಹಾರಲು ಆಗದಂತಾಗುತ್ತದೆ.

ರಕ್ತ ಸುರಿಯುತ್ತಿದ್ದರೆ ಮಾತ್ರ ನೀವು ಕೈ ಹಾಕಬೇಕು. ಗುಬ್ಬಿಯಷ್ಟು ಸಣ್ಣ ಹಕ್ಕಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಎರಡು, ಎರಡೂವರೆ ಮಿಲಿಲೀಟರ್. ಅರ್ಧ ಟೀ ಚಮಚ. ನಮಗೆ ಲೆಕ್ಕಕ್ಕೇ ಬಾರದ ಹತ್ತಿಪ್ಪತ್ತು ಹನಿ ಅದರ ಪ್ರಾಣಕ್ಕೆ ಕುತ್ತು. ಸ್ವಚ್ಛ ಬಟ್ಟೆಯಿಂದ ಗಾಯವನ್ನು ಕೆಲವು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ.

ಜೋತುಬಿದ್ದ ರೆಕ್ಕೆಗೆ ಕಡ್ಡಿ ಕಟ್ಟಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ರೆಕ್ಕೆ ಜೋತುಬಿದ್ದರೆ ಮೂಳೆ ಮುರಿದಿರಲೇಬೇಕು ಅಂತಿಲ್ಲ, ಒಳಪೆಟ್ಟೂ ಆಗಿರಬಹುದು, ಭುಜದ ಮೂಳೆಗೆ ಏಟಾಗಿರಬಹುದು. ಎಕ್ಸ್‌ರೇ ಇಲ್ಲದೆ ಹೇಳಲು ಕಷ್ಟ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಎಷ್ಟೋ ಸಲ ಎರಡು ಮೂರು ವಾರದಲ್ಲೇ. ಕೇಳಲು ಒಳ್ಳೆಯ ಸುದ್ದಿ, ಆದರೆ ಅಪಾಯ ಇರುವುದೂ ಅದರಲ್ಲೇ. ಸೊಟ್ಟಗೆ ಕಟ್ಟಿದರೆ ಸೊಟ್ಟಗೇ ಬೇಗ ಕೂಡುತ್ತದೆ. ನಾಲ್ಕು ದಿನ ನೋಡೋಣ ಅಂತ ಕಾದರೂ ಹಾಗೇ. ಆಮೇಲೆ ಸರಿಮಾಡುವುದು ಬಹಳ ಕಷ್ಟ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕಾಡಿನಲ್ಲಿ ಬದುಕುವಂಥ ಹಾರಾಟ ಅದಕ್ಕೆ ಬರದೇ ಹೋಗಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರೆಕ್ಕೆಯ ಮೇಲ್ಭಾಗದ ಮೂಳೆ ಟೊಳ್ಳು, ಅದು ಗಾಳಿಚೀಲಕ್ಕೆ ಕೂಡಿಕೊಂಡಿರುತ್ತದೆ. ಮೂಳೆ ಹೊರಗೆ ಕಾಣುವಂಥ ಗಾಯದ ಮೇಲೆ ನೀರನ್ನೋ ಔಷಧಿಯನ್ನೋ ಸುರಿದರೆ ಅದು ಉಸಿರಾಟದ ದಾರಿಗೇ ಹೋಗಬಹುದು. ಹಾಗಾಗಿ ತೊಳೆಯಬೇಡಿ, ಕಟ್ಟಬೇಡಿ. ಸರಿಯಾದ ಅಳತೆಯ ಡಬ್ಬದಲ್ಲಿ ಕತ್ತಲಲ್ಲಿ ಕೂತ ಹಕ್ಕಿ ರೆಕ್ಕೆ ಬಡಿಯುವುದು ಕಡಿಮೆ. ಸದ್ಯಕ್ಕೆ ಅಷ್ಟು ಸಾಕು.

ಬೆಕ್ಕು ಹಿಡಿದಿತ್ತು ಅನ್ನುವ ಅನುಮಾನ ಸ್ವಲ್ಪ ಇದ್ದರೂ ಕಾಯಬೇಡಿ. ಮೇಲೆ ಒಂದು ಗೀರೂ ಕಾಣದಿದ್ದರೂ ಕಾಯಬೇಡಿ. ಬೆಕ್ಕಿನ ಹಲ್ಲು ಸೂಜಿಯಷ್ಟು ಚೂಪು. ತೂತು ಗರಿಗಳ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ರಕ್ತವೂ ಬರುವುದಿಲ್ಲ. ಆದರೆ ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೆ ಸೇರಿದರೆ ರಕ್ತವೆಲ್ಲ ನಂಜಾಗುತ್ತದೆ. ಆಂಟಿಬಯಾಟಿಕ್ ಇಲ್ಲದೆ ಇಂಥ ಹಕ್ಕಿಗಳು ಎರಡು ಮೂರು ದಿನದಲ್ಲಿ ಸಾಯುವುದೇ ಹೆಚ್ಚು. "ಬೆಕ್ಕಿನ ಬಾಯಿಂದ ಬಿಡಿಸಿದೆ, ಚೆನ್ನಾಗೇ ಇತ್ತು, ಹಾರಿಬಿಟ್ಟೆ" ಅಂತ ಜನ ಸಂತೋಷದಿಂದ ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ಹಕ್ಕಿ ಎಲ್ಲೋ ಪೊದೆಯೊಳಗೆ ಸತ್ತಿರುವ ಸಾಧ್ಯತೆಯೇ ಹೆಚ್ಚು. ಬೆಕ್ಕಿನ ವಿಷಯವನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ, ಅದೇ ದಿನ ಚಿಕಿತ್ಸೆ ಶುರುವಾಗಬೇಕು.

ಕಿಟಕಿಯ ಗಾಜಿಗೆ ಬಡಿದು ಬಿದ್ದ ಹಕ್ಕಿಯ ಲೆಕ್ಕ ಸ್ವಲ್ಪ ಬೇರೆ. ಹಕ್ಕಿಗೆ ಗಾಜು ಕಾಣುವುದಿಲ್ಲ, ಅದರಲ್ಲಿ ಮೂಡಿದ ಮರ ಮತ್ತು ಆಕಾಶ ಕಾಣುತ್ತವೆ. ಡಿಕ್ಕಿಯಾದ ಮೇಲೆ ಕಣ್ಣು ಅರೆಮುಚ್ಚಿ ಗರಿ ಉಬ್ಬಿಸಿಕೊಂಡು ಕೂತಿರುತ್ತದೆ. ಡಬ್ಬದಲ್ಲಿಟ್ಟು ಒಂದೆರಡು ಗಂಟೆ ಬಿಡಿ. ಆಮೇಲೆ ಡಬ್ಬವನ್ನು ಹೊರಗೆ, ಮರಗಿಡ ಇರುವ ಕಡೆ ಒಯ್ದು ಮುಚ್ಚಳ ತೆಗೆದು ದೂರ ನಿಲ್ಲಿ. ಮನೆಯೊಳಗೆ ತೆರೆದು ನೋಡಬೇಡಿ, ಹಾರಿ ಮತ್ತೆ ಗಾಜಿಗೇ ಬಡಿಯುತ್ತದೆ. ನೇರವಾಗಿ, ಗಟ್ಟಿಯಾಗಿ ಹಾರಿಹೋದರೆ ಸರಿ. ವಾಲಿಕೊಂಡು ಹಾರಿದರೆ, ಹಾರದೇ ಇದ್ದರೆ, ಒಂದು ಕಣ್ಣು ಮುಚ್ಚೇ ಇದ್ದರೆ, ಕೊಕ್ಕಿನಲ್ಲಿ ರಕ್ತ ಕಂಡರೆ ವೈದ್ಯರ ಹತ್ತಿರವೇ ಹೋಗಬೇಕು. ನನ್ನನ್ನು ಕೇಳಿದರೆ ವೈದ್ಯರು ಹತ್ತಿರದಲ್ಲಿದ್ದಾಗ ಕಾಯದೇ ಹೋಗುವುದೇ ಒಳ್ಳೆಯದು. ಅಮೆರಿಕದ ಈಶಾನ್ಯ ಭಾಗದ ರಕ್ಷಣಾ ಕೇಂದ್ರಗಳಿಗೆ ಹೀಗೆ ಬಂದಿದ್ದ 3,000ಕ್ಕೂ ಹೆಚ್ಚು ಹಕ್ಕಿಗಳ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2024ರಲ್ಲಿ ಬಂತು. ಅವುಗಳಲ್ಲಿ ಸುಮಾರು 60 ಶೇಕಡ ಹಕ್ಕಿಗಳು ಉಳಿಯಲಿಲ್ಲ. ಗಾಜಿನ ಪೆಟ್ಟು ಹೊರಗೆ ಕಾಣುವುದಕ್ಕಿಂತ ಒಳಗೆ ಜಾಸ್ತಿ.

ದಾರ ಅಥವಾ ಬಲೆ ಸುತ್ತಿಕೊಂಡಿದ್ದರೆ ಎಳೆಯಬೇಡಿ. ಹಕ್ಕಿಯ ಕಡೆ ಸ್ವಲ್ಪ ದಾರ ಉಳಿಸಿ ಕತ್ತರಿಸಿ, ಹಾಗೇ ವೈದ್ಯರ ಬಳಿ ಒಯ್ಯಿರಿ. ದಾರ ಬಿಚ್ಚಿದ ಮೇಲೂ ಅಡಿಯ ಚರ್ಮ ರಕ್ತವಿಲ್ಲದೆ ಸಾಯುತ್ತಿರಬಹುದು, ಅದನ್ನು ಕೆಲವು ದಿನ ಗಮನಿಸಬೇಕು. ಇಲಿ ಹಿಡಿಯುವ ಅಂಟಿಗೆ ಸಿಕ್ಕಿದ್ದರೆ ಕಿತ್ತು ತೆಗೆಯಬೇಡಿ. ಖಾಲಿ ಅಂಟಿನ ಮೇಲೆ ಕಾಗದ ಹಾಸಿ, ಹಲಗೆ ಸಮೇತ ಒಯ್ಯಿರಿ.

ಮರಿಗಳ ವಿಷಯಕ್ಕೆ ಬಂದರೆ ನನ್ನ ಸಲಹೆ ಉಲ್ಟಾ ಆಗುತ್ತದೆ. ನೆಲದ ಮೇಲೆ ಕುಪ್ಪಳಿಸುತ್ತಾ, ಮೈತುಂಬ ಪುಕ್ಕ ಬಂದು ಬಾಲ ಮಾತ್ರ ಮೋಟಾಗಿರುವ ಮರಿ ಕಂಡರೆ ಅದು ಗಾಯಗೊಂಡಿಲ್ಲ, ಅನಾಥವೂ ಅಲ್ಲ. ಹಾರಲು ಕಲಿಯುತ್ತಿದೆ. ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ, ನೀವು ಅಲ್ಲಿ ನಿಂತಿರುವುದರಿಂದಲೇ ಕೆಳಗೆ ಬರುತ್ತಿಲ್ಲ. ದೂರ ಸರಿದು, ಬೆಕ್ಕು ನಾಯಿಗಳನ್ನು ಒಳಗೆ ಕಟ್ಟಿ, ಮರೆಯಿಂದ ಒಂದೆರಡು ಗಂಟೆ ನೋಡಿ. ದಾರಿಯ ನಡುವೆ ಇದ್ದರೆ ಹತ್ತಿರದ ಪೊದೆಗೆ ಸರಿಸಿದರೆ ಸಾಕು. ಹೀಗೆ ಆರೋಗ್ಯವಾಗಿರುವ ಮರಿಗಳನ್ನು "ಕಾಪಾಡಿ" ಮನೆಗೆ ತರುವುದು ಬಹಳ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪುಕ್ಕವಿಲ್ಲದ ಅಥವಾ ಅರ್ಧ ಪುಕ್ಕ ಬಂದ ಮರಿ ಬಿದ್ದಿದ್ದರೆ ಗೂಡಿಗೇ ವಾಪಸ್ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ನಿಜವಲ್ಲ. ಗೂಡು ಹಾಳಾಗಿದ್ದರೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಯಲ್ಲಿ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಬಹುದು. ಮರಿಗೆ ಗಾಯವಾಗಿದ್ದರೆ, ಮೈ ತಣ್ಣಗಿದ್ದರೆ, ಅಥವಾ ಅಪ್ಪ ಅಮ್ಮ ಬರಲೇ ಇಲ್ಲ ಅಂತಾದರೆ ಬೇಗ ವೈದ್ಯರ ಬಳಿ ಒಯ್ಯಬೇಕು. ಸಣ್ಣ ಮರಿಗಳಿಗೆ ಹಗಲಿಡೀ ಅರ್ಧ ಗಂಟೆಗೊಮ್ಮೆಯಾದರೂ ತುತ್ತು ಬೇಕು, ಬೆಳೆದ ಹಕ್ಕಿಯಂತೆ ಅವು ಹಸಿವು ತಡೆಯುವುದಿಲ್ಲ.

ಬಾನಾಡಿ (ಇಂಗ್ಲಿಷ್‌ನಲ್ಲಿ ಸ್ವಿಫ್ಟ್) ಅನ್ನುವ ಜಾತಿಯ ಹಕ್ಕಿಗಳು ಸಿಕ್ಕರೆ ಜನ ಮೇಲಕ್ಕೆ ಎಸೆಯುತ್ತಾರೆ. ಅವುಗಳ ಕಾಲು ತೀರಾ ಗಿಡ್ಡ, ರೆಕ್ಕೆ ಉದ್ದ. ನೆಲದಿಂದ ಏಳಲು ಕಷ್ಟಪಡುತ್ತವೆ ಅನ್ನುವುದು ನಿಜ. ಆದರೆ ಎಸೆದಾಗ ಗಾಯವಿದ್ದರೆ ಕಲ್ಲಿನ ಹಾಗೆ ಬೀಳುತ್ತವೆ. ಮೊದಲು ವೈದ್ಯರು ನೋಡಲಿ.

ನಿಮ್ಮ ಜೋಪಾನವೂ ಮುಖ್ಯ. ಕೊಕ್ಕರೆ, ಬಕ ಜಾತಿಯವು ಹೆದರಿದರೆ ಹೊಳೆಯುವ ಕಣ್ಣಿಗೇ ಗುರಿಯಿಟ್ಟು ಕುಕ್ಕುತ್ತವೆ, ಮುಖದ ಹತ್ತಿರ ತರಬೇಡಿ. ಹದ್ದು, ಗೂಬೆಗಳ ಅಪಾಯ ಕೊಕ್ಕಿನಲ್ಲಿ ಅಲ್ಲ, ಉಗುರಿನಲ್ಲಿ. ದಪ್ಪ ಬಟ್ಟೆ ಇಲ್ಲದಿದ್ದರೆ ಹಿಡಿಯುವ ಸಾಹಸ ಬೇಡ, ಮೇಲೊಂದು ಡಬ್ಬ ಮುಚ್ಚಿ ಫೋನ್ ಮಾಡಿ. ಯಾವ ಹಕ್ಕಿಯೇ ಆದರೂ ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಒಂದೇ ಜಾಗದಲ್ಲಿ ಹಲವು ಹಕ್ಕಿಗಳು ಸತ್ತಿದ್ದರೆ, ಅಥವಾ ಕುತ್ತಿಗೆ ತಿರುಚಿಕೊಂಡು ತೂರಾಡುತ್ತಿದ್ದರೆ ಮುಟ್ಟಲೇಬೇಡಿ. ಅದು ಹಕ್ಕಿಜ್ವರ ಇರಬಹುದು. ಪಶುಸಂಗೋಪನೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಫೋನ್ ಮಾಡಿದಾಗ ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಾಯಿತು, ಬೆಕ್ಕು ಅಥವಾ ಗಾಜು ಹತ್ತಿರ ಇತ್ತಾ, ನೀವು ಏನಾದರೂ ಕುಡಿಸಿದ್ದೀರಾ ಎಲ್ಲ ಹೇಳಿ. ಗುರುತು ಹಿಡಿಯಲು ಒಂದು ಫೋಟೋ ಸಾಕು. ಸಾಗಿಸುವಾಗ ದಾರಿಯಲ್ಲಿ ಹಾಡು ಬೇಡ, ಮುಚ್ಚಳ ತೆಗೆದು ಇಣುಕುವುದೂ ಬೇಡ.

ವಾಸಿಯಾಗುವ ತನಕ ನಾವೇ ಇಟ್ಟುಕೊಳ್ಳಬಹುದಾ ಅನ್ನುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಬಹಳಷ್ಟು ದೇಶಗಳಲ್ಲಿ ಕಾಡುಹಕ್ಕಿಗಳನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಕಾನೂನನ್ನು ಬದಿಗಿಟ್ಟರೂ, ಮನುಷ್ಯರ ಕೈಯಲ್ಲಿ ಬೆಳೆದ ಮರಿ ಮನುಷ್ಯರನ್ನೇ ತನ್ನವರು ಅಂದುಕೊಳ್ಳುತ್ತದೆ. ಬಾತುಗಳ ಮರಿಗಳಲ್ಲಿ ಇದನ್ನು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1930ರ ದಶಕದಲ್ಲೇ ವಿವರವಾಗಿ ತೋರಿಸಿದ್ದರು. ಅಂಥ ಹಕ್ಕಿಯನ್ನು ಹೊರಗೆ ಬಿಟ್ಟರೆ ಅದಕ್ಕೆ ಜೊತೆ ಹುಡುಕಲು ಬರುವುದಿಲ್ಲ, ಯಾರಿಗೆ ಹೆದರಬೇಕು ಅನ್ನುವುದೂ ಗೊತ್ತಿರುವುದಿಲ್ಲ.

ಎಲ್ಲ ಹಕ್ಕಿಗಳೂ ಉಳಿಯುವುದಿಲ್ಲ. ಮುರಿದ ಮೂಳೆ ಕೀಲಿನಲ್ಲೇ ಇದ್ದರೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ, ವೈದ್ಯರು ನೋವಿಲ್ಲದ ಸಾವು ಕೊಡುವುದೇ ಸರಿ ಅನ್ನಬಹುದು. ಹಾಗೆ ಹೇಳುವುದು ಅವರಿಗೂ ಸುಲಭವಲ್ಲ. ಆದರೆ ದಿನಗಟ್ಟಲೆ ನರಳುವುದು ತಪ್ಪುತ್ತದೆ. ಅದಕ್ಕಾಗಿಯಾದರೂ ಡಬ್ಬವನ್ನು ವೈದ್ಯರ ತನಕ ತಲುಪಿಸಿ. ಗುಣವಾದರೆ ಅದು ಸಿಕ್ಕಿದ ಜಾಗದಲ್ಲೇ ಬಿಡಬೇಕು. ನೀರು, ಆಹಾರ, ಗೂಡು, ಜೊತೆ ಎಲ್ಲ ಅದಕ್ಕೆ ಗೊತ್ತಿರುವುದು ಅಲ್ಲೇ. ಆದ್ದರಿಂದ ಜಾಗವನ್ನು ಸರಿಯಾಗಿ ಬರೆದಿಟ್ಟುಕೊಳ್ಳಿ.

ನಿಮ್ಮ ತೋಟದ ಕಡೆ ದೊಡ್ಡ ಕಿಟಕಿ ಇದ್ದರೆ ಅದನ್ನೂ ಒಮ್ಮೆ ಹೊರಗೆ ನಿಂತು ನೋಡಿ. ಗಾಜಿನಲ್ಲಿ ಮರಗಿಡ ಕಾಣುತ್ತಿದ್ದರೆ, ಮುಂದಿನ ಹಕ್ಕಿಯೂ ಅಲ್ಲೇ ಬಡಿಯಬಹುದು. ಒಂದೆರಡು ಸ್ಟಿಕರ್ ಅಂಟಿಸಿದರೆ ಸಾಲದು, ಅವುಗಳ ನಡುವಿನ ಜಾಗದಲ್ಲಿ ನುಗ್ಗಲು ನೋಡುತ್ತದೆ. ಗಾಜಿನ ತುಂಬ ಐದು ಸೆಂಟಿಮೀಟರ್‌ಗೆ ಒಂದರಂತೆ ಚುಕ್ಕಿಗಳಿರಬೇಕು. ಅವನ್ನು ಹೊರಬದಿಯಲ್ಲೇ ಅಂಟಿಸಿ. ಒಳಗಡೆ ಅಂಟಿಸಿದರೆ ಹೊರಗಿನ ಪ್ರತಿಬಿಂಬ ಹಾಗೇ ಉಳಿಯುತ್ತದೆ.